ನಳಿಗೆಯನ್ನು ದೂರುವ ಮೊದಲು ನೋಡಬೇಕಾದ ತಿರುಪುಗಳು

ಗುರಿ ಸ್ಪರ್ಧೆಗೆ ಬಳಸುವ ರೈಫಲ್‌ಗಳನ್ನು ಸರಿಪಡಿಸುವುದು ನನ್ನ ಕೆಲಸ. ಐದು ಗುಂಡುಗಳ ಗುಂಪನ್ನು 50 ಮೀಟರ್ ದೂರದಲ್ಲಿ 16 ಮಿಲಿಮೀಟರ್ ಒಳಗೆ ಕೂರಿಸುತ್ತಿದ್ದ ಒಂದು ಪಾಯಿಂಟ್ ಟೂ-ಟೂ (0.22 ಇಂಚು ಅಳತೆಯ ಗುಂಡಿನ) ಬೋಲ್ಟ್ ರೈಫಲ್, ಮಳೆಗಾಲ ಕಳೆದ ಮೇಲೆ 40 ಮಿಲಿಮೀಟರಿಗೆ ಹರಡತೊಡಗಿದೆ ಎಂಬ ದೂರಿನೊಂದಿಗೆ ನನ್ನ ಮೇಜಿಗೆ ಬಂದಿತ್ತು. ಆ ದೂರದ ಅಂತರರಾಷ್ಟ್ರೀಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಆಗಿರುವುದರಿಂದ, ಹರಡಿಕೆ ಅಷ್ಟಾದರೆ ಆ ರೈಫಲ್ ಸ್ಪರ್ಧೆಗೆ ನಿಷ್ಪ್ರಯೋಜಕ.

ನಾನು ಅವಸರಪಟ್ಟೆ. ಒಂದೇ ಮಧ್ಯಾಹ್ನದಲ್ಲಿ ನಳಿಗೆಯನ್ನು ಶುಚಿಗೊಳಿಸಿ, ಟ್ರಿಗರ್ ಎಳೆಯಲು ಬೇಕಾದ ಭಾರವನ್ನು ತಗ್ಗಿಸಿ, ದೂರದರ್ಶಕದ ಹಿಡಿಕೆಗಳನ್ನೂ ಬದಲಿಸಿದೆ. ಗುಂಪು 25 ಮಿಲಿಮೀಟರಿಗೆ ಇಳಿಯಿತು. ಎರಡು ದಿನಗಳ ನಂತರ ಮತ್ತೆ ಹರಡಿತು. ಮೂರು ಬದಲಾವಣೆಗಳಲ್ಲಿ ಯಾವುದು ಉಪಕರಿಸಿತು, ಯಾವುದು ಕೆಡಿಸಿತು ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಉಳಿದಿರಲಿಲ್ಲ.

ಹಾಗಾಗಿ ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ನಳಿಗೆಯಲ್ಲಿ ಗುಂಡು ಕೂರುವ ಕೋಣೆ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹೊರತೆಗೆದು, ಅಳತೆಯಿಂದ ಆರಂಭಿಸಿದೆ. ಸೂಕ್ಷ್ಮ ಚಲನೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ನಳಿಗೆಗೆ ಕಟ್ಟಿ, ಅದರ ಮೊನೆಯನ್ನು ಮರದ ಮುಂಭಾಗಕ್ಕೆ ತಾಗಿಸಿ, ಲೋಹದ ಭಾಗವನ್ನು ಮರಕ್ಕೆ ಬಿಗಿಯುವ ತಿರುಪುಗಳಲ್ಲಿ ಹಿಂದಿನದನ್ನು ಬಿಗಿಯಾಗಿಯೇ ಬಿಟ್ಟು ಮುಂದಿನದನ್ನು ನಿಧಾನವಾಗಿ ಸಡಿಲಿಸಿದಾಗ, ಮುಳ್ಳು 0.2 ಮಿಲಿಮೀಟರ್ ಚಲಿಸಿತು. ನಾನು 0.05 ಮಿಲಿಮೀಟರಿಗಿಂತ ಹೆಚ್ಚಿನ ಚಲನೆಯನ್ನು ಒಪ್ಪುವುದಿಲ್ಲ, ಏಕೆಂದರೆ ಅದರ ಅರ್ಥ ಲೋಹದ ಭಾಗವು ಸಮವಾಗಿಲ್ಲದ ಮರದ ಮೇಲೆ ತಿರುಪಿನ ಒತ್ತಡಕ್ಕೆ ಬಾಗಿ ಕುಳಿತಿದೆ ಎಂದು. ನಳಿಗೆಯ ಕೆಳಗೆ ಜಾರಿಸಿದ ಕಾಗದದ ಪಟ್ಟಿಯೂ ಎಡಬದಿಯಲ್ಲಿ ಸಿಕ್ಕಿಕೊಂಡಿತು: ತೇವ ಹೀರಿ ಉಬ್ಬಿದ ಮರ ಅಲ್ಲಿ ನಳಿಗೆಯನ್ನು ತಳ್ಳುತ್ತಿತ್ತು.

ಮರದಲ್ಲಿ ನಳಿಗೆ ಕೂರುವ ಕಾಲುವೆಯನ್ನು ಮರಳುಕಾಗದದಿಂದ ಸ್ವಲ್ಪ ಸವೆಸಿ, ಬರಿ ಮರಕ್ಕೆ ವಾರ್ನಿಶ್ ಬಳಿದು, ತಿರುಪುಗಳ ಸುತ್ತ ಅಲ್ಯುಮಿನಿಯಂ ಕೊಳವೆಗಳನ್ನು ಕೂರಿಸಿ, ಲೋಹ ಸಮವಾಗಿ ಕೂರುವಂತೆ ಎಪಾಕ್ಸಿ ಅಂಟಿನ ಹಾಸು ಹಾಕಿದೆ. ಲೋಹಕ್ಕೆ ಮೇಣ ಸವರುವುದನ್ನು ಮರೆತರೆ ರೈಫಲ್ ಮತ್ತು ಮರ ಶಾಶ್ವತವಾಗಿ ಅಂಟಿಕೊಳ್ಳುತ್ತವೆ. ಇದನ್ನು ನಾನು ಹೊಸಬರಿಗೆ ಎರಡೆರಡು ಸಲ ಹೇಳುತ್ತೇನೆ. ಬಳಿಕ ತಿರುಪುಗಳನ್ನು, ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚಿನಿಂದ ತಯಾರಕರು ನೀಡಿದ ಅಂಕಿಗೆ ಬಿಗಿಗೊಳಿಸಿ, ಆ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟೆ. ಅಂದಾಜಿನ ಕೈಬಿಗಿತ ಪ್ರತಿಬಾರಿಯೂ ಬೇರೆಯಾಗುತ್ತದೆ, ನುರಿತ ಕೈಯಲ್ಲೂ.

ಮನೆಯಲ್ಲಿ ಪರವಾನಗಿಯ ರೈಫಲ್ ಇಟ್ಟುಕೊಂಡವರು ತಿರುಪುಗಳ ಬಿಗಿತ ಮತ್ತು ಕಾಗದದ ಪರೀಕ್ಷೆಯನ್ನು ತಾವೇ ನಿಶ್ಚಿಂತೆಯಿಂದ ಮಾಡಬಹುದು. ಟ್ರಿಗರ್‌ನ ಕೊಂಡಿಯನ್ನು ಅರದಿಂದ ಉಜ್ಜುವುದು ಮಾತ್ರ ಬೇಡವೇ ಬೇಡ. ಅದರ ಅಂಚು ಕೆಟ್ಟರೆ, ರೈಫಲ್ ಎಲ್ಲಿಗಾದರೂ ತಗುಲಿದಾಗಲೋ ಬಿದ್ದಾಗಲೋ ಗುಂಡು ತಾನಾಗಿ ಹಾರಬಹುದು.

ಒಟ್ಟಿಗೇ ತಯಾರಾದ ಒಂದೇ ಬ್ಯಾಚಿನ ಗುಂಡುಗಳಿಂದ, ಐದರ ಆರು ಗುಂಪುಗಳನ್ನು ಹೊಡೆದು ನೋಡಿದಾಗ ಅತಿ ದೊಡ್ಡದು 17 ಮಿಲಿಮೀಟರ್ ಇತ್ತು. ಟ್ರಿಗರ್ ಈಗ ಹಳೆಯ ಭಾರದಲ್ಲೇ ಇದೆ. ಅದರಲ್ಲಿ ದೋಷವೇನೂ ಇರಲಿಲ್ಲ.