ಫ್ರಿಜ್ ವಾಸನೆ ಸಿಕ್ಕಿದ್ದು ರಬ್ಬರ್ ಸಂದಿಯಲ್ಲಿ

ಕಳೆದ ವಾರ ಫ್ರಿಜ್ ಬಾಗಿಲು ತೆಗೆದರೆ ಸಾಕು, ಹುಳಿ ವಾಸನೆ. ಒಳಗಿನ ತಟ್ಟೆಗಳನ್ನೆಲ್ಲ ತೊಳೆದರೂ ಹೋಗಲಿಲ್ಲ. ಕೊನೆಗೆ ಸಿಕ್ಕಿತು: ಉಕ್ಕಿದ್ದ ದೋಸೆ ಹಿಟ್ಟು ಬಾಗಿಲಿನ ರಬ್ಬರ್ ಸಂದಿಗೆ ಇಳಿದು, ಒಣಗಿ, ಕಪ್ಪು ಬೂಷ್ಟು ಹಿಡಿದಿತ್ತು. ಸ್ವಿಚ್ ಆಫ್ ಮಾಡಿ, ಹಳೇ ಟೂತ್‌ಬ್ರಷ್‌ನಿಂದ ಅಡುಗೆ ಸೋಡಾ ನೀರು ಹಾಕಿ ಉಜ್ಜಿದೆ. 1 ಲೀಟರ್ ಬಿಸಿನೀರಿಗೆ 2 ಚಮಚ ಸೋಡಾ ಸಾಕು. ಘಮಘಮ ಸೋಪು ಮಾತ್ರ ಬೇಡ, ಅದರ ವಾಸನೆ ಬೆಣ್ಣೆಗೆ ಹತ್ತುತ್ತದೆ.

ಹಿಂದಿನ ಗೋಡೆಯ ಕೆಳಗೆ ನೀರು ಇಳಿಯುವ ಸಣ್ಣ ತೂತು ಇರುತ್ತದೆ ಅಲ್ವಾ, ಅಲ್ಲಿ ಕೊತ್ತಂಬರಿ ಎಲೆ ಸಿಕ್ಕಿ ಕೊಳೆತರೆ ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ, ಮೊದಲು ಅದನ್ನು ಬಿಡಿಸಬೇಕು. ನಿಂಬೆ ಹೋಳು ಇಡುವುದು ಸುಮ್ನೆ, ಕೊಳೆ ಅಲ್ಲೇ ಇರುತ್ತದೆ. ಈಗ ಹಿಟ್ಟಿನ ಡಬ್ಬಿ ಅರ್ಧ ಮಾತ್ರ ತುಂಬಿಸಿ, ಕೆಳಗೊಂದು ತಟ್ಟೆ ಕೊಟ್ಟೇ ಒಳಗೆ ಇಡುತ್ತೇನೆ.