ಮೂರು ತಿಂಗಳ ಲೆಕ್ಕ

ಜನವರಿ 4, 2025, ಶನಿವಾರ. ಡೊಂಬಿವಲಿ

ಇವತ್ತು ಊಟದ ಮೇಜಿನ ಮೇಲೆ ಊಟಕ್ಕೇ ಜಾಗ ಇರಲಿಲ್ಲ. ಪೂರ್ತಿ ಕಾಗದ. ತಟ್ಟೆ ಹಿಡಿದುಕೊಂಡು ಎಲ್ಲರೂ ಸೋಫಾದಲ್ಲಿ ಕೂತು ಉಂಡೆವು. 22ಕ್ಕೆ ಮುಂಬೈಯ ಬಿಕೆಸಿಯ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ, ಅಮೆರಿಕನ್ ಕಾನ್ಸುಲೇಟಿನಲ್ಲಿ ನಮ್ಮ ಸಂದರ್ಶನ. ಸುತ್ತಾಡಿ ಬರುವ ವೀಸಾ ಅಲ್ಲ, ಹೋಗಿ ನೆಲೆಸುವ ವೀಸಾ. ಅಮೆರಿಕದಲ್ಲಿರುವ ಅಣ್ಣ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದು 2005ರ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷ ಆಯಿತು. ಆಗ ಈ ಮೇಜೂ ಇರಲಿಲ್ಲ, ಈ ಮನೆಯೂ ಇರಲಿಲ್ಲ.

ಇಷ್ಟು ತಡ ಯಾಕೆ ಅಂತ ನಾನು ಪಾಠ ಮಾಡುವ ಶಾಲೆಯಲ್ಲಿ ಎಲ್ಲರೂ ಕೇಳುತ್ತಾರೆ. ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಅಂತ ಅಮೆರಿಕದವರು ಇಡೀ ಪ್ರಪಂಚಕ್ಕೆ ಇಟ್ಟಿರುವುದು ವರ್ಷಕ್ಕೆ 65,000 ವೀಸಾ. ಅದರಲ್ಲೇ ಹೆಂಡತಿ, ಗಂಡ, ಮಕ್ಕಳೂ ಸೇರಬೇಕು. ಮೇಲಿಂದ ಯಾವ ದೇಶಕ್ಕೂ ಒಟ್ಟಿನ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ. ನಮ್ಮಂಥ ದೇಶದವರು ಸಾಲಿನಲ್ಲಿ ನಿಂತೇ ತಲೆ ಹಣ್ಣಾಗುತ್ತದೆ.

ಇದ್ದುದರಲ್ಲಿ ನನ್ನ ಕಾಗದಗಳದ್ದೇ ರಗಳೆ. ನಾನು ಹುಟ್ಟಿದ್ದು ಕುಂದಾಪುರದ ಕಡೆ, ಅಜ್ಜನ ಮನೆಯ ಕತ್ತಲೆ ಕೋಣೆಯಲ್ಲಿ. ಯಾರೂ ಎಲ್ಲೂ ಬರೆಸಲಿಲ್ಲ. ಜನನ ಪತ್ರ ಇಲ್ಲದವರು 'ಇಲ್ಲ' ಅನ್ನುವುದಕ್ಕೂ ಒಂದು ಪತ್ರ ತರಬೇಕು. ಅದಕ್ಕೆ ಎನ್‌ಎಬಿಸಿ ಅನ್ನುತ್ತಾರೆ. ಇಲ್ಲದ್ದನ್ನು ಇಲ್ಲ ಅಂತ ಬರೆದುಕೊಡಲು ಊರಿನ ಕಚೇರಿಯವರು ನನ್ನನ್ನು ಮೂರು ಸಲ ಮತ್ಸ್ಯಗಂಧ ರೈಲು ಹತ್ತಿಸಿದರು. ಜೊತೆಗೆ ನಾನು ಹುಟ್ಟಿದ್ದನ್ನು ಕಂಡವರ ಅಫಿಡವಿಟ್ ಬೇಕು. ಈಗ ಬದುಕಿರುವವರು ದೊಡ್ಡಮ್ಮ ಒಬ್ಬರೇ. ಎಂಬತ್ತಾರು ವರ್ಷ. ನೋಟರಿ ಎದುರು ಕೂತು ಹೇಳಿದರು, "ಇವಳು ಹುಟ್ಟಿದ್ದು ಸೋಣೆ ತಿಂಗಳಲ್ಲಿ. ಮಳೆ ಹೊಡೀತಿತ್ತು. ನಾನೇ ಬಿಸಿನೀರು ಕಾಯಿಸಿದ್ದು."

ನೋಟರಿ ನನ್ನ ಮುಖ ನೋಡಿದರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ, ಪಾಸ್‌ಪೋರ್ಟಿನಲ್ಲಿ, ಎಲ್ಲಾ ಕಡೆ ಇರುವುದು 1-6-1971. ಸೋಣೆ ಅಂದರೆ ಆಗಸ್ಟ್ ಕೊನೆ. ನಮ್ಮ ಕಾಲದಲ್ಲಿ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದ್ದು, ಅಲ್ವಾ? ಶಾಲೆಗೆ ಸೇರಿಸುವಾಗ ವಯಸ್ಸು ಸಾಲದಿದ್ದರೆ ಹೆಡ್‌ಮಾಸ್ತರರು ಹಾಗೆ ಬರೆದುಕೊಳ್ಳುತ್ತಿದ್ದರು. ಕೊನೆಗೆ ನೋಟರಿ 'ಶಾಲೆಯ ದಾಖಲೆಯ ಪ್ರಕಾರ' ಅಂತ ಒಂದು ಸಾಲು ಸೇರಿಸಿ, ಅದನ್ನು ದೊಡ್ಡಮ್ಮನಿಗೆ ಓದಿ ಹೇಳಿದರು. ದೊಡ್ಡಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ನಡುಗುವ ಕೈಯಲ್ಲಿ ಪೂರ್ತಿ ಹೆಸರು ಬರೆದರು. ಐದು ನಿಮಿಷ ಹಿಡಿಯಿತು.

ಇನ್ನೊಂದು ತೊಡಕು ಅಪ್ಪಯ್ಯನ ಹೆಸರು. ಅಣ್ಣನ ಕಾಗದದಲ್ಲಿ ನಾರಾಯಣ, ನನ್ನದರಲ್ಲಿ ನಾರಾಯಣಯ್ಯ. ನಾವಿಬ್ಬರೂ ಒಬ್ಬನೇ ಅಪ್ಪನ ಮಕ್ಕಳು ಅನ್ನುವುದರ ಮೇಲೆಯೇ ಇಡೀ ಕೇಸು ನಿಂತಿದೆ. ನಡುವೆ ಈ 'ಅಯ್ಯ' ಒಂದು. ಅದಕ್ಕೂ ಅಫಿಡವಿಟ್ ಆಗಿದೆ. ಅಣ್ಣ, ನಾನು, ಅಪ್ಪಯ್ಯ ಕೊಡೇರಿ ಕಡಲ ಹತ್ತಿರ ನಿಂತ ಹಳೇ ಫೋಟೊ ಒಂದನ್ನೂ ಇಟ್ಟುಕೊಂಡಿದ್ದೇನೆ. ಇರಲಿ.

ಜನವರಿ 9, ಗುರುವಾರ

ಮೆಡಿಕಲ್ ಮುಗಿಯಿತು. ಎಲ್ಲಾದರೂ ಮಾಡಿಸಿದರೆ ಆಗುವುದಿಲ್ಲ, ಅವರು ಹೇಳಿದ ಆಸ್ಪತ್ರೆಯಲ್ಲೇ ಆಗಬೇಕು. ರಕ್ತ, ಮೂತ್ರ, ಎದೆಯ ಎಕ್ಸ್‌ರೇ. ಆಮೇಲೆ ಸೂಜಿ. ಚಿಕ್ಕಂದಿನಲ್ಲಿ ಹಾಕಿಸಿದ್ದಕ್ಕೆ ನನ್ನ ಹತ್ತಿರ ಯಾವ ಚೀಟಿಯೂ ಇಲ್ಲ. ಹಾಗಾಗಿ ಐವತ್ತಮೂರನೇ ವಯಸ್ಸಿನಲ್ಲಿ ದಡಾರ, ಧನುರ್ವಾಯು ಎಲ್ಲಾ ಹೊಸದಾಗಿ. ಮಗಳ ಹತ್ತಿರ ಚಿಕ್ಕಂದಿನ ಲಸಿಕೆ ಕಾರ್ಡ್ ಇತ್ತು, ಅವಳಿಗೆ ಸೂಜಿ ಕಡಿಮೆ. ಕಾರ್ಡ್ ಎತ್ತಿಟ್ಟಿದ್ದು ನಾನೇ ಅಂತ ಮೂರು ಸಲ ನೆನಪಿಸಿದೆ.

ಹೆದರಿಕೆ ಇದ್ದದ್ದು ಎಕ್ಸ್‌ರೇಗೆ. ಅದರಲ್ಲಿ ಟಿಬಿಯ ಹಳೇ ಕಲೆ ಏನಾದರೂ ಕಂಡರೆ ಮೂರು ದಿನ ಬೆಳಿಗ್ಗೆ ಕಫ ಕೊಡಬೇಕು. ಅದು ಬೆಳೆಯುತ್ತದೋ ಇಲ್ಲವೋ ಅಂತ ಎಂಟು ವಾರ ಕಾಯುತ್ತಾರೆ. ಇವರು ನಲವತ್ತು ವರ್ಷ ಲೋಕಲ್ ಟ್ರೇನಿನ ಗಾಳಿ ಕುಡಿದವರು. ಒಳಗೆ ಏನಿದೆಯೋ ಯಾರಿಗೆ ಗೊತ್ತು. ಏನೂ ಇರಲಿಲ್ಲ. ಹೊರಗೆ ಬಂದು ಇವರು ಎರಡು ಕಟಿಂಗ್ ಚಾ ಕುಡಿದರು. ಒಂದಾದ ಮೇಲೆ ಒಂದು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಪಕ್ಕದ ಮನೆಯ ಕಾಕು ತಿಳ್‌ಗುಳ್ ಕೊಟ್ಟು 'ಗೋಡ್ ಗೋಡ್ ಬೋಲಾ' ಅಂದು ಹೋದರು. ಸಿಹಿ ಮಾತಾಡುವ ದಿನ ಇವತ್ತು. ಆದರೆ ಮಗನ ವಿಷಯ ಬರೆಯದೆ ಇದ್ದರೆ ಈ ದಿನಚರಿ ಸುಮ್ನೆ ಲಗೇಜ್ ಪಟ್ಟಿ ಆಗುತ್ತದೆ.

ಹೋಗುವವರು ನಾವು ಮೂವರು. ನಾನು, ಇವರು, ಮಗಳು. ಮಗನಿಗೆ ವೀಸಾ ಇಲ್ಲ.

ಅರ್ಜಿ ಹಾಕಿದಾಗ ಅವನು ಎರಡನೇ ಕ್ಲಾಸು. ಮಕ್ಕಳು ಅಂದರೆ ಅವರ ಲೆಕ್ಕದಲ್ಲಿ 21 ತುಂಬದವರು, ಮದುವೆ ಆಗದವರು. ಹತ್ತೊಂಬತ್ತು ವರ್ಷ ಸಾಲಿನಲ್ಲಿ ನಿಲ್ಲಿಸಿ ಮಕ್ಕಳು ಮಕ್ಕಳಾಗಿಯೇ ಇರಬೇಕು ಅಂದರೆ ಹೇಗೆ? ಅದಕ್ಕೆ 2002ರಲ್ಲಿ ಒಂದು ಕಾನೂನು ಮಾಡಿದ್ದಾರೆ. ನಮ್ಮ ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ, ಅದರಿಂದ ಅರ್ಜಿ ಮಂಜೂರಾಗದೆ ಅವರ ಕಚೇರಿಯಲ್ಲಿ ಬಿದ್ದಿದ್ದ ಕಾಲವನ್ನು ಕಳೆಯುತ್ತಾರೆ. ಉಳಿದದ್ದು 21ಕ್ಕಿಂತ ಕಡಿಮೆ ಇದ್ದರೆ ಪಾಸು.

ಕಳೆದ ಬೇಸಿಗೆಯಲ್ಲಿ ಸರದಿ ಬಂದಾಗ ಮಗಳಿಗೆ 21 ವರ್ಷ 2 ತಿಂಗಳು. ಅರ್ಜಿ ಬಿದ್ದಿದ್ದ 4 ವರ್ಷ 8 ತಿಂಗಳು ಕಳೆದರೆ ಹದಿನಾರೂವರೆ. ಪಾಸು. ಮಗನಿಗೆ 25 ವರ್ಷ 11 ತಿಂಗಳು. ಕಳೆದರೆ 21 ವರ್ಷ 3 ತಿಂಗಳು.

ಮೂರು ತಿಂಗಳು.

ಈ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಅದು ನನಗೆ ಹೊಳೆದದ್ದು ಹೋದ ತಿಂಗಳು, ಇಡ್ಲಿಗೆ ಅಕ್ಕಿ ತೊಳೆಯುವಾಗ. ಅವರು ಅರ್ಜಿಯನ್ನು ತಡ ಮಾಡಿದಷ್ಟೂ ಮಗನಿಗೆ ಒಳ್ಳೇದಿತ್ತು. ಇನ್ನೂ ಮೂರ್ನಾಲ್ಕು ತಿಂಗಳು ಅಲ್ಲೇ ಯಾವುದೋ ಕಪಾಟಿನಲ್ಲಿ ಧೂಳು ತಿಂದಿದ್ದರೆ ಅವನೂ ನಮ್ಮ ಜೊತೆ. 2010ರ ಆಗಸ್ಟಿನಲ್ಲಿ ಮಂಜೂರಾಯಿತು ಅಂತ ಅಣ್ಣ ಫೋನ್ ಮಾಡಿದ ದಿನ ನಾನು ಶಾವಿಗೆ ಪಾಯಸ ಮಾಡಿದ್ದೆ. ಮಗ ಮೂರು ಬಟ್ಟಲು ಕುಡಿದಿದ್ದ.

ಅಣ್ಣ ಅಲ್ಲಿ ವಕೀಲರನ್ನೂ ಕೇಳಿದ. ಹಳೇ 2005ರ ತಾರೀಕು ಹಿಡಿದುಕೊಂಡು ಇವನನ್ನು ಬೇರೆ ಸಾಲಿಗೆ ಸೇರಿಸಲು ಆಗುವುದಿಲ್ಲವಂತೆ. ಇಂಥವರ ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 2014ರಲ್ಲಿ ಸೋತಿದೆ. ನಾನು ಅಲ್ಲಿಗೆ ಹೋಗಿ ಗ್ರೀನ್ ಕಾರ್ಡ್ ಬಂದ ಮೇಲೆ ಅವನಿಗೆ ಹೊಸ ಅರ್ಜಿ ಹಾಕಬಹುದು. ಆ ಸಾಲಿನಲ್ಲಿ ಈಗ 2016ರವರ ಪಾಳಿ ನಡೆಯುತ್ತಿದೆ. ಹಾಗಾದರೆ ಅವನಿಗೆ ಮೂವತ್ತೈದು. ಅಲ್ಲಿ ತನಕ ಮದುವೆ ಆಗಬಾರದು. ಆಗಿಬಿಟ್ಟರೆ ಅರ್ಜಿಯೇ ಸತ್ತ ಹಾಗೆ.

ಇದನ್ನು ಅವನಿಗೆ ಹೇಳಿದೆ. ಅವನು ಕಬ್ಬಿನ ತುಂಡು ಜಗಿಯುತ್ತಾ, "ಅಮ್ಮ, ಇದನ್ನ ಕಲ್ಯಾಣದಲ್ಲಿ ಹೋಗಿ ನೀನೇ ಹೇಳು" ಅಂದ. ಕಲ್ಯಾಣದಲ್ಲಿ ಆ ಹುಡುಗಿ ಇದ್ದಾಳೆ. ಮರಾಠಿಯವರು. ಒಳ್ಳೆಯ ಹುಡುಗಿ. ನಮ್ಮನೆಗೆ ಬಂದಾಗ ನೀರ್ದೋಸೆಗೆ ಸಕ್ಕರೆ ಹಾಕಿಕೊಂಡು ತಿನ್ನುತ್ತಾಳೆ, ಅದೊಂದು ಬಿಟ್ಟರೆ.

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಲು ಮಾಸ್ತರರು ಪೆನ್ನು ಎತ್ತಿ ಮೂರು ತಿಂಗಳು ಪುಕ್ಕಟೆ ಕೊಟ್ಟಿದ್ದರು. ಇವನಿಗೆ ಅಂಥ ಮಾಸ್ತರರು ಸಿಗಲಿಲ್ಲ.

ಜನವರಿ 21, ಮಂಗಳವಾರ

ನಿನ್ನೆ ಅಲ್ಲಿ ಹೊಸ ಅಧ್ಯಕ್ಷರ ಪ್ರಮಾಣವಚನ. ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ. ಹೊರಗಿನಿಂದ ಬರುವವರ ಮೇಲೆ ಒಂದರ ಮೇಲೊಂದು ಆದೇಶ. ಇವರು ಟಿವಿ ಆರಿಸಿ ರಿಮೋಟನ್ನು ಮೇಲೆ ಇಟ್ಟರು, ನನಗೆ ಎಟುಕದ ಹಾಗೆ. ಫೈಲ್ ಮತ್ತೆ ಎರಡು ಸಲ ನೋಡಿದೆ. ಫೋಟೊ ಎರಡಿಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲ. ಕನ್ನಡಕ ಇಲ್ಲದೆ ನನ್ನ ಮುಖ ನನಗೇ ಪರಿಚಯ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಅಲಾರಂ.

ಫೋನ್ ಒಳಗೆ ಬಿಡುವುದಿಲ್ಲ. ಮಗ ಹೇಳಿದ, "ನಾನು ಅರ್ಧ ದಿನ ರಜಾ ಹಾಕ್ತೇನೆ. ನಿಮ್ಮ ಫೋನ್ ಹಿಡ್ಕೊಂಡು ಹೊರಗೆ ನಿಂತಿರ್ತೇನೆ." ಬೇಡ ಅನ್ನಲು ಬಾಯಿ ಬಂತು. ಅನ್ನಲಿಲ್ಲ.

ಜನವರಿ 22, ಬುಧವಾರ

ಮೊದಲ ಲೋಕಲ್‌ಗಳಲ್ಲೂ ಕೂರಲು ಜಾಗ ಸಿಗುವುದಿಲ್ಲ ಡೊಂಬಿವಲಿಯಲ್ಲಿ. ನಾನು, ಮಗಳು ಲೇಡೀಸ್ ಡಬ್ಬಿ, ಅವರಿಬ್ಬರು ಜನರಲ್. ಕುರ್ಲಾದಲ್ಲಿ ಇಳಿದು ಆಟೊ. ಫೈಲನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದೆ.

ಅಣ್ಣನ ವೀಸಾ ಆದದ್ದು 1996ರಲ್ಲಿ, ಬ್ರೀಚ್ ಕ್ಯಾಂಡಿಯ ಹಳೇ ಕಾನ್ಸುಲೇಟಿನಲ್ಲಿ. ಲಿಂಕನ್ ಹೌಸ್ ಅಂತ, ಹಳೇ ಅರಮನೆ, ಹಿಂದೆ ಸಮುದ್ರ. ಆಗ ನಾನೇ ಹೊರಗೆ ಫುಟ್‌ಪಾತಿನಲ್ಲಿ ಅವನ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದೆ. 2011ರಲ್ಲಿ ಅದು ಬಿಕೆಸಿಗೆ ಬಂತು. ಇಲ್ಲಿ ಸಮುದ್ರ ಇಲ್ಲ. ಗಾಜಿನ ಕಟ್ಟಡಗಳು, ಚಾ ಕೂಡ ದುಬಾರಿ.

ಗೇಟಿನ ಹತ್ತಿರ ಮೂರು ಫೋನ್ ಮಗನ ಕೈಗೆ ಕೊಟ್ಟೆವು. ಒಂದು ಅಂಗಿ ಕಿಸೆಗೆ, ಒಂದು ಪ್ಯಾಂಟಿಗೆ, ಒಂದು ಕೈಯಲ್ಲಿ. ಅವನದ್ದು ಬೇರೆ. "ನೀರು ಕುಡಿದು ಹೋಗಿ, ಬಾಟಲ್ ಬಿಡುದಿಲ್ಲ" ಅಂದ. ನಾನು ಅವನಿಗೆ ಹೇಳಬೇಕಾದ ಮಾತನ್ನು ಅವನು ನನಗೆ ಹೇಳಿದ.

ಒಳಗೆ ಜಾಸ್ತಿ ಹೊತ್ತು ಕಾಯುವುದೇ. ಕುರ್ಚಿಯಲ್ಲಿ ಕೂತು ನಂಬರು ಬರುವುದನ್ನು ನೋಡುವುದು. ಸುತ್ತ ಗುಜರಾತಿ, ಪಂಜಾಬಿ. ಒಬ್ಬ ಅಜ್ಜಿ ಜಪಮಾಲೆ ತಿರುಗಿಸುತ್ತಿದ್ದರು. ಅವರ ನಂಬರು ಬಂದರೂ ಗೊತ್ತಾಗಲಿಲ್ಲ, ಇವರೇ ಎಬ್ಬಿಸಿ ಕಳಿಸಿದರು. ಮೊದಲ ಕಿಟಕಿಯಲ್ಲಿ ಕಾಗದ ತೆಗೆದುಕೊಂಡರು. ದೊಡ್ಡಮ್ಮನ ಅಫಿಡವಿಟ್ ಗಾಜಿನ ಕೆಳಗಿನಿಂದ ಆಚೆ ಹೋಯಿತು. ಮತ್ತೊಂದರಲ್ಲಿ ಬೆರಳಚ್ಚು. ಸೀಮೆಸುಣ್ಣ ಹಿಡಿದು ನನ್ನ ಬೆರಳ ಗೆರೆಗಳು ಸವೆದಿವೆ, ಹೆಬ್ಬೆರಳು ನಾಲ್ಕು ಸಲ ಇಡಿಸಿದರು.

ಕೊನೆಯ ಕಿಟಕಿಯಲ್ಲಿ ಒಬ್ಬ ಹೆಂಗಸು. ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಹಿಂದಿ ಆಗುತ್ತದಾ ಅಂತ ಕೇಳಿದಳು. ಆಗುತ್ತದೆ ಅಂದೆ. ಅವಳ ಹಿಂದಿ ನನ್ನದಕ್ಕಿಂತ ಶುದ್ಧ. ನನ್ನದು ಭಾಜಿ ಮಾರ್ಕೆಟ್ಟಿನ ಹಿಂದಿ. ಮೂವರೂ ಬಲಗೈ ಎತ್ತಿ ಸತ್ಯ ಹೇಳುತ್ತೇವೆ ಅಂತ ಆಣೆ ಮಾಡಿದೆವು. ಆಣೆ ಮಾಡುವಾಗ ನನಗೆ ಸೋಣೆ ತಿಂಗಳ ಮಳೆ ನೆನಪಾಯಿತು. ಹುಟ್ಟಿದ ತಾರೀಕು ಕೇಳಿದರೆ ಎಂತ ಹೇಳುವುದು? ಕೇಳಲಿಲ್ಲ.

ಅಣ್ಣ ಎಲ್ಲಿದ್ದಾನೆ, ಎಂತ ಕೆಲಸ, ಕೊನೆಗೆ ಯಾವಾಗ ನೋಡಿದ್ದು ಅಂತ ಕೇಳಿದಳು. ಆಮೇಲೆ ಬಂತು.

"ಈ ನಾರಾಯಣಯ್ಯ ಯಾರು?"

"ನಮ್ಮ ಅಪ್ಪ."

"ನಾರಾಯಣ?"

"ಅವರೂ ನಮ್ಮ ಅಪ್ಪ. ಅಯ್ಯ ಅಂದರೆ ಮರ್ಯಾದೆಗೆ ಸೇರಿಸುವುದು. ನಿಮ್ಮ ಹಿಂದಿಯಲ್ಲಿ ಜೀ ಅಂತಾರಲ್ಲ, ಹಾಗೆ."

ಅವಳು ನಕ್ಕಳು. ಕಡಲ ಫೋಟೊ ಕೊಡಲಾ ಅಂದೆ. ಬೇಡ ಅಂದಳು. ಅದೊಂದು ಬೇಜಾರು, ಅಷ್ಟು ಜೋಪಾನ ಮಾಡಿ ತಂದಿದ್ದೆ.

ಮಗಳಿಗೆ ಎರಡೇ ಪ್ರಶ್ನೆ. ಏನು ಓದಿದೆ, ಮದುವೆ ಆಗಿದೆಯಾ. ಆಮೇಲೆ ಸ್ಕ್ರೀನ್ ನೋಡುತ್ತಾ ನನ್ನನ್ನು ಕೇಳಿದಳು, "ನಿಮಗೆ ಒಬ್ಬ ಮಗ ಕೂಡ ಇದ್ದಾನಲ್ಲ, ಎಲ್ಲಿದ್ದಾನೆ?"

"ಬಾಹರ್ ಖಡಾ ಹೈ" ಅಂದೆ. ಹೊರಗೆ ನಿಂತಿದ್ದಾನೆ. ಅವಳು ಕೇಳಿದ್ದು ಯಾವ ಊರು, ಯಾವ ಕೆಲಸ ಅಂತ. ಇವರು ಪಕ್ಕದಿಂದ, ಇಲ್ಲೇ ಮುಂಬೈಯಲ್ಲಿ ಕೆಲಸ ಮಾಡುತ್ತಾನೆ ಅಂತ ಸರಿ ಮಾಡಿದರು. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಟೈಪ್ ಮಾಡಿದಳು. ನಿಮ್ಮ ವೀಸಾ ಮಂಜೂರಾಗಿದೆ ಅಂದಳು. ಪಾಸ್‌ಪೋರ್ಟ್ ಅವರ ಹತ್ತಿರವೇ ಉಳಿಯಿತು. ಹತ್ತೊಂಬತ್ತು ವರ್ಷದ ಕೆಲಸ, ಹತ್ತು ನಿಮಿಷ ಆಗಿರಲಿಕ್ಕಿಲ್ಲ.

ಹೊರಗೆ ಬಿಸಿಲು. ಮಗ ಎದುರು ಬದಿಯಲ್ಲಿ ಒಂದು ಮರದ ನೆರಳಿನಲ್ಲಿದ್ದ. ನೆರಳು ಸರಿದ ಹಾಗೆ ತಾನೂ ಸರಿದು ಸರಿದು ಕಾಂಡದ ಆಚೆಗೆ ಹೋಗಿಬಿಟ್ಟಿದ್ದ, ಹುಡುಕಬೇಕಾಯಿತು. ಮಗಳು ಓಡಿಹೋಗಿ ಹೇಳಿದಳು. ಅವನು ಅವಳ ತಲೆಗೆ ಮೊಟಕಿದ.

"ಮಾವ ಏಳು ಸಲ ಫೋನ್ ಮಾಡಿದ್ರು ಅಮ್ಮ. ಕೊನೆಗೆ ನಾನೇ ಎತ್ತಿ, ಆಯ್ತು, ವೀಸಾ ಸಿಕ್ತು ಅಂದೆ."

"ನಾವು ಹೊರಗೇ ಬಂದಿರಲಿಲ್ಲ. ಎಂತಕ್ಕೆ ಹಾಗೆ ಹೇಳಿದ್ದು ಮಾರಾಯ?"

"ಅಲ್ಲಿ ರಾತ್ರಿ ಒಂದು ಗಂಟೆ. ಅವರಿಗೆ ನಿದ್ದೆ ಬೇಡವಾ?"

ಕುರ್ಲಾದಲ್ಲಿ ವಡಾಪಾವ್ ತಿಂದೆವು. ಅವನು ಠಾಣೆಯಲ್ಲಿ ಇಳಿದು ಆಫೀಸಿಗೆ ಹೋದ. ನಮಗೆ ಮಧ್ಯಾಹ್ನದ ಗಾಡಿ, ಕಿಟಕಿ ಹತ್ತಿರ ಜಾಗ ಸಿಕ್ಕಿತ್ತು. ಯಾರೂ ಹೆಚ್ಚು ಮಾತಾಡಲಿಲ್ಲ. ಡೊಂಬಿವಲಿಯಲ್ಲಿ ಮೆಟ್ಟಿಲು ಹತ್ತುವಾಗ ಚೀಲಕ್ಕೆ ಕೈ ಹಾಕಿದರೆ ನನ್ನ ಫೋನ್ ಇಲ್ಲ. ಅವನ ಪ್ಯಾಂಟ್ ಕಿಸೆಯಲ್ಲೇ ಉಳಿದಿತ್ತು.

ಇವರ ಫೋನಿನಿಂದ ಮಾಡಿದೆ. ಸಂಜೆ ತರ್ತೇನೆ ಅಂದ. ಬರುವಾಗ ಅರ್ಧ ಕಿಲೋ ಉದ್ದಿನಬೇಳೆಯೂ ತಾ ಅಂದೆ.