ನೆರಳಲ್ಲಿ ಸಂಡಿಗೆ ಒಣಗುತ್ತಾ?

ಭಾನುವಾರದಿಂದ ಒಂದೇ ಪ್ರಶ್ನೆ ಕಿವಿಯಲ್ಲಿ ಕೂತುಬಿಟ್ಟಿದೆ. "ಅದೆಲ್ಲ ಸರಿ ಕಣಮ್ಮಾ, ನೆರಳಲ್ಲಿ ಸಂಡಿಗೆ ಒಣಗುತ್ತಾ?"

ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಸೋಲಾರ್ ಹಾಕಿಸಬೇಕು ಅಂತ ನಾವು ನಾಲ್ಕು ಜನ ಜನವರಿಯಿಂದ ಮನೆ ಮನೆ ಸುತ್ತುತ್ತಿದ್ದೇವೆ. ಒಂದು ಸಹಿಗೆ ಎರಡು ಲೋಟ ಕಾಫಿಯಂತೆ, 42 ಮನೆಗಳಲ್ಲಿ 31 ಸಹಿ ಬಿದ್ದಿತ್ತು. ಹೋದಲ್ಲೆಲ್ಲ ಒಂದೇ ಮಾತು: "ಕರೆಂಟ್ ಫ್ರೀ ಅಲ್ವಾ, ಇದ್ಯಾಕೆ?" ಗೃಹಜ್ಯೋತಿಯ 200 ಯೂನಿಟ್ ಒಳಗೆ ಇರುವವರು ಮನೆಯ ಬಿಲ್ಲು ನೋಡುವುದನ್ನೇ ಬಿಟ್ಟಿದ್ದಾರೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪದ ಬಿಲ್ಲು ಮಾತ್ರ ಫ್ರೀ ಇಲ್ಲ. ಅದು ಮೇಂಟೆನೆನ್ಸ್ ಲೆಕ್ಕದಲ್ಲಿ ಸುಮ್ನೆ ಹೋಗುತ್ತಿರುತ್ತದೆ, ಯಾರೂ ಕೇಳುವುದಿಲ್ಲ.

ಮೀಟಿಂಗಿಗೆ ನಾನು ಲೆಕ್ಕ ಬರೆದುಕೊಂಡು ಹೋಗಿದ್ದೆ. 20 ಕಿಲೋವ್ಯಾಟ್, ಸುಮಾರು 2,000 ಚದರಡಿ. ಒಳ್ಳೇ ಬಿಸಿಲಿದ್ದರೆ ದಿನಕ್ಕೆ 80 ಯೂನಿಟ್. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ, ಅಂದರೆ 3.6 ಲಕ್ಷ. ಸೆಕ್ರೆಟರಿ "ಪರಿಶೀಲಿಸೋಣ" ಅಂದರು. ತಾರಸಿಗೆ ಬೆಂಕಿ ಬಿದ್ದರೂ ಅವರು ಹಾಗೇ ಅನ್ನುವವರು. ಮೂರನೇ ಮಹಡಿಯವರದು ಇನ್ನೂ ಮಜಾ. ಎಲೆಕ್ಟ್ರಿಕ್ ಕಾರು, ಹಸಿರು ನಂಬರ್ ಪ್ಲೇಟು, ಪರಿಸರದ ಮೇಲೆ ಭಾಷಣ ಬೇರೆ. ಅವರು ಕೇಳಿದ್ದು: "ಹಾಗಾದ್ರೆ ನ್ಯೂ ಇಯರ್ ಪಾರ್ಟಿ ಎಲ್ಲಿ ಮಾಡೋದು?"

ಆಗ ಮೇಲಿನ ಮಹಡಿಯ ಅಜ್ಜಿ ಕೈ ಎತ್ತಿದರು. ತಾರಸಿಯಲ್ಲಿ ಜಾಗ ಉಳಿಯುತ್ತಾ ಅಂತ ಕೇಳಿದರು. ನಾನು ಗೆದ್ದೆ ಅಂದುಕೊಂಡು, "ಪ್ಯಾನೆಲ್ ಎಂಟು ಅಡಿ ಮೇಲೆ ನಿಲ್ಲಿಸ್ತಾರೆ ಅಜ್ಜಿ, ಕೆಳಗೆ ಪೂರ್ತಿ ಜಾಗ ಹಾಗೇ ಇರುತ್ತೆ" ಅಂದೆ. ಆಗಲೇ ಬಂತು ಆ ಪ್ರಶ್ನೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ಮಾತ್ರ ನಗಲಿಲ್ಲ. ಉತ್ತರಕ್ಕೆ ಕಾಯುತ್ತಾ ನನ್ನನ್ನೇ ನೋಡುತ್ತಿದ್ದರು.

ಸಂಜೆ ಗೇಟಿನ ಹತ್ತಿರ ವಾಚ್‌ಮನ್‌ಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವರು ಪಾವಗಡದ ಕಡೆಯವರು. "ನಮ್ ಕಡೆ ಹೊಲಕ್ಕೆ ಹೊಲಾನೇ ಕೊಟ್ಟೌರೆ ಮೇಡಂ" ಅಂದರು. ಗೊತ್ತಿದ್ದ ವಿಷಯವೇ, ಅಲ್ಲಿನ ಸೋಲಾರ್ ಪಾರ್ಕು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಗಿತ್ತು. ಮಳೆ ಕಾಣದ ನೆಲಕ್ಕೆ ಇದು ವರ ಅಂತ ನಾನೇ ಎಷ್ಟೋ ಮನೆಗಳಲ್ಲಿ ಹೇಳಿದ್ದೆ. "ನಿಮಗೂ ಗುತ್ತಿಗೆ ದುಡ್ಡು ಬರುತ್ತಾ?" ಅಂದೆ. "ಹೊಲ ಇದ್ದೋರ್ಗೆ ಬತ್ತದೆ. ನಾವು ಕೂಲಿಯೋರು. ಹೊಲ ಹೋದ್ಮೇಲೆ ಕೂಲಿ ಎಲ್ಲಿ?" ಅನ್ನುತ್ತಾ ಬಂದ ಕಾರಿಗೆ ಗೇಟು ತೆಗೆದರು. ಅದೇ ಹಸಿರು ಪ್ಲೇಟಿನ ಕಾರು.

ಈ ಬೆಂಗಳೂರಿಗೆ ಕರೆಂಟು ಯಾವಾಗಲೂ ಬೇರೆಯವರ ಅಂಗಳದಿಂದಲೇ ಬಂದಿದೆ. 1905ರಲ್ಲಿ ಇಲ್ಲಿ ಮೊದಲ ವಿದ್ಯುತ್ ಬೀದಿದೀಪ ಹತ್ತಿದ್ದು ಶಿವನಸಮುದ್ರದ ನೀರಿನಿಂದ. ಆಮೇಲೆ ಶರಾವತಿ, ಅಲ್ಲಿ ಊರಿಗೆ ಊರೇ ಮುಳುಗಿದವು. ರಾಯಚೂರಿನವರಿಗೆ ಕಲ್ಲಿದ್ದಲ ಹೊಗೆ, ಹಾರುಬೂದಿ. ನಾವು ಸ್ವಿಚ್ ಒತ್ತುತ್ತೇವೆ, ಅಷ್ಟೇ. ಮೊದಲ ಸಲ ನಮ್ಮ ಸ್ವಂತ ಜಾಗ ಕೇಳಿದಾಗ ಪಾರ್ಟಿ, ನೋಟ, ಫ್ಲಾಟಿನ ಬೆಲೆ ಎಲ್ಲ ನೆನಪಾಯಿತು. ಅಲ್ಲಿದ್ದವರಲ್ಲಿ ಕಳೆದುಕೊಳ್ಳುವುದು ಏನಾದರೂ ನಿಜವಾಗಿ ಇದ್ದದ್ದು ಅಜ್ಜಿಗೆ ಮಾತ್ರ. ಅವರು ಪ್ರತಿ ಬೇಸಿಗೆ ಎಂಟು ಮನೆಗೆ ಅರಳು ಸಂಡಿಗೆ ಹಾಕಿಕೊಡುತ್ತಾರೆ. ನಾವು ನಕ್ಕಿದ್ದೂ ಅವರನ್ನೇ ನೋಡಿ. ಪಾವಗಡದ ಕೂಲಿಯವರೂ ಯಾವುದೋ ಸಭೆಯಲ್ಲಿ ಹೀಗೇ ಕೈ ಎತ್ತಿ ಕೇಳಿದ್ದರೋ ಏನೋ. ಅಲ್ಲೂ ನನ್ನಂಥವಳು ಒಬ್ಬಳು ಲೆಕ್ಕದ ಹಾಳೆ ಹಿಡಿದು ನಕ್ಕಿರಬಹುದು.

ನಿನ್ನೆ ಟೇಪು ಹಿಡಿದು ಅಜ್ಜಿಯ ಜೊತೆ ತಾರಸಿ ಹತ್ತಿದೆ. ನೀರಿನ ಟ್ಯಾಂಕಿನ ಪೂರ್ವಕ್ಕೆ ಮೂರು ಮಂಚದಷ್ಟು ಜಾಗ ಬಿಟ್ಟರೆ ಎರಡು ಕಿಲೋವ್ಯಾಟ್ ಕಮ್ಮಿಯಾಗುತ್ತದೆ. ಅಜ್ಜಿ ಸೂರ್ಯನನ್ನೊಮ್ಮೆ, ಟ್ಯಾಂಕನ್ನೊಮ್ಮೆ ನೋಡಿದರು. "ಇಲ್ಲಿ ಮೂರು ಗಂಟೆಗೇ ನೆರಳು ಬರುತ್ತೆ ಕಣಮ್ಮಾ. ಆ ಕಡೆ ಬಿಡ್ಸು" ಅಂದರು. ಆ ಕಡೆ ಅಂದರೆ ನಾಲ್ಕು ಕಿಲೋವ್ಯಾಟ್.

ಬರೆದುಕೊಂಡೆ.